ಶಾಲೆ, ಕಾರ್ಯಾಗಾರ ಮತ್ತು ನಡುವಿನ ದಾರಿ: ಬೆಂಗಳೂರಿನ ವೃತ್ತಿಶಿಕ್ಷಣದ ಇತಿಹಾಸದ ಒಂದು ಪರಿಶೀಲನೆ

1. ಪ್ರಸ್ತಾವನೆ

ಹಳೆಯ ಬೆಂಗಳೂರಿನ ಕೋಟೆಗೂ ಲಾಲ್‌ಬಾಗಿಗೂ ನಡುವೆ ಇರುವ ಮಾವಳ್ಳಿ ಇಂದು ಹೊರಗಿನವರಿಗೆ ಹೆಚ್ಚಾಗಿ ಪರಿಚಿತವಾಗಿರುವುದು ಅಲ್ಲಿನ ಹೆಸರಾಂತ ಉಪಾಹಾರ ಗೃಹದಿಂದ. ವೃತ್ತಿಶಿಕ್ಷಣದ ಇತಿಹಾಸವನ್ನು ಅರಿಯಬಯಸುವವರಿಗೆ ಈ ಪುಟ್ಟ ಬಡಾವಣೆ ಬೇರೊಂದು ಕಾರಣಕ್ಕೆ ಮುಖ್ಯವಾಗುತ್ತದೆ. ಇದರ ಒಂದು ಮಗ್ಗುಲಲ್ಲಿ ತೋಟಗಾರಿಕೆಯ ತರಬೇತಿಗೆ ನೆಲೆಯಾದ ಲಾಲ್‌ಬಾಗ್ ಇದೆ. ಇನ್ನೊಂದು ಮಗ್ಗುಲಲ್ಲಿ ಮೋಟಾರು ವಾಹನಗಳ ಬಿಡಿಭಾಗಗಳ ವ್ಯಾಪಾರಕ್ಕೂ ದುರಸ್ತಿಗೂ ದಶಕಗಳಿಂದ ಹೆಸರಾದ ಜಯಚಾಮರಾಜೇಂದ್ರ ರಸ್ತೆ, ಅಂದರೆ ಜನರ ಬಾಯಲ್ಲಿ ಜೆ.ಸಿ. ರಸ್ತೆ, ಇದೆ. ಪಶ್ಚಿಮಕ್ಕೆ ಸರಿದರೆ ಪಾಠಶಾಲೆ, ಪ್ರೌಢಶಾಲೆ, ಕಾಲೇಜುಗಳಿಗೆ ತವರೆನಿಸಿದ ಬಸವನಗುಡಿ. ಹೀಗೆ ದುಡಿಯುತ್ತ ಕಲಿಯುವ ತೋಟ, ದುಡಿಮೆಯಷ್ಟೇ ಇರುವ ಗ್ಯಾರೇಜು, ಓದಷ್ಟೇ ಇರುವ ಶಾಲೆ ಎಂಬ ಮೂರು ಮಾದರಿಗಳು ಕಾಲ್ನಡಿಗೆಯ ಅಂತರದಲ್ಲಿ ಒಟ್ಟಿಗೆ ಬದುಕಿವೆ.

ಹದಿನಾಲ್ಕರಿಂದ ಹದಿನೆಂಟು ವರ್ಷದ ಹರೆಯದವರಿಗೆ ತರಗತಿಯ ಓದನ್ನೂ ಕೆಲಸದ ಜಾಗದ ಕಲಿಕೆಯನ್ನೂ ಕೂಡಿಸಿ ಮಾನ್ಯತೆಯುಳ್ಳ ಪ್ರಮಾಣಪತ್ರ ನೀಡುವ ಪ್ರಯತ್ನಗಳು ಮೈಸೂರು ಸಂಸ್ಥಾನದಲ್ಲಿಯೂ ಅನಂತರದ ಕರ್ನಾಟಕದಲ್ಲಿಯೂ ಒಂದು ಶತಮಾನಕ್ಕೂ ಮಿಕ್ಕಿ ನಡೆದಿವೆ. ಇವುಗಳಲ್ಲಿ ಕೆಲವು ಫಲ ನೀಡಿದವು, ಕೆಲವು ಬಾಡಿದವು. ಇದಕ್ಕೆ ಸಾಮಾನ್ಯವಾಗಿ ಹಣದ ಕೊರತೆ, ಸಂಸ್ಥೆಗಳ ಕೊರತೆ ಮತ್ತು ದೈಹಿಕ ಶ್ರಮದ ಬಗೆಗಿನ ತಾತ್ಸಾರವನ್ನು ಕಾರಣಗಳೆಂದು ಹೇಳಲಾಗುತ್ತದೆ. ಇವು ಸುಳ್ಳಲ್ಲ. ಆದರೆ ಸಂಸ್ಥೆಗಳ ಇತಿಹಾಸವನ್ನು ಸಾಲಾಗಿ ಇಟ್ಟು ನೋಡಿದಾಗ ಬೇರೊಂದು ಕಾರಣ ಎದ್ದು ಕಾಣುತ್ತದೆ. ನಮ್ಮಲ್ಲಿ ಶಾಲೆಗಳೂ ಇದ್ದವು, ಕಾರ್ಯಾಗಾರಗಳೂ ಇದ್ದವು. ಒಂದರಲ್ಲಿ ಕಲಿತದ್ದನ್ನು ಇನ್ನೊಂದು ವಿದ್ಯೆಯೆಂದು ಒಪ್ಪುವ ದಾರಿ ಮಾತ್ರ ಇರಲಿಲ್ಲ. ಪ್ರಸ್ತುತ ಲೇಖನದಲ್ಲಿ ಈ ಅಂಶವನ್ನು ಪರಿಶೀಲಿಸಲಾಗಿದೆ.

2. ಕುಲಕಸುಬಿನಿಂದ ಕೈಗಾರಿಕಾ ಶಾಲೆಯವರೆಗೆ

ಕಮ್ಮಾರಿಕೆ, ಬಡಗಿತನ, ನೇಯ್ಗೆ, ಕಂಚುಗಾರಿಕೆ ಮೊದಲಾದ ಕಸುಬುಗಳು ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಹರಿದುಬಂದವು. ಅಲ್ಲಿ ಕಲಿಕೆ ಮತ್ತು ದುಡಿಮೆ ಎಂಬ ಭೇದವೇ ಇರಲಿಲ್ಲ. ಆದರೆ ಕಸುಬು ಜಾತಿಗೆ ಅಂಟಿಕೊಂಡಿತ್ತು. ಅಕ್ಷರ ಬೇರೆಯವರ ಪಾಲಾಗಿತ್ತು. ಕೈ ಮತ್ತು ಅಕ್ಷರಗಳ ಈ ಬೇರ್ಪಡೆಯನ್ನು ವಸಾಹತು ಆಡಳಿತ ಸೃಷ್ಟಿಸಿದ್ದಲ್ಲ. ಇದ್ದ ಬಿರುಕನ್ನು ಅದು ಕಾನೂನು ಮತ್ತು ಇಲಾಖೆಗಳ ಭಾಷೆಗೆ ತಂದಿತು.

ಬ್ರಿಟಿಷ್ ಭಾರತದಲ್ಲಿ 1850ರಲ್ಲಿಯೇ ಕಸುಬು ಕಲಿಯುವ ಮಕ್ಕಳನ್ನು ಕುರಿತ ಕಾಯಿದೆಯೊಂದು ಜಾರಿಗೆ ಬಂದಿತು. ಹತ್ತರಿಂದ ಹದಿನೆಂಟು ವರ್ಷದೊಳಗಿನ ಮಕ್ಕಳನ್ನು, ಅದರಲ್ಲಿಯೂ ವಿಶೇಷವಾಗಿ ಅನಾಥರನ್ನು ಮತ್ತು ದಾನಧರ್ಮದಿಂದ ಬೆಳೆದ ಬಡ ಮಕ್ಕಳನ್ನು, ಒಬ್ಬ ಯಜಮಾನನ ಕೈಕೆಳಗೆ ಕಸುಬಿಗೆ ಕಟ್ಟುವುದು ಅದರ ಉದ್ದೇಶವಾಗಿತ್ತು. ಕೆಲಸದ ಜಾಗದಲ್ಲಿ ಕಲಿಯುವುದು ಆಧುನಿಕ ಕಾನೂನಿನೊಳಗೆ ಪ್ರವೇಶ ಪಡೆದದ್ದು ಶಿಕ್ಷಣದ ಬಾಗಿಲಿನಿಂದಲ್ಲ, ದಯೆಯ ಬಾಗಿಲಿನಿಂದ ಎಂಬುದು ಗಮನಾರ್ಹ. ಕರಾವಳಿಯಲ್ಲಿ ಬಾಸೆಲ್ ಮಿಷನ್ ನಡೆಸಿದ ನೇಯ್ಗೆಯ ಕಾರ್ಖಾನೆಗಳಿಗೂ 1865ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆಗೂ ಹಿನ್ನೆಲೆಯಾದದ್ದು ಇದೇ ಬಗೆಯ ಚಿಂತೆ. ಮತಾಂತರದಿಂದಾಗಿ ಜಾತಿಯ ಆಸರೆಯನ್ನೂ ಕುಲಕಸುಬನ್ನೂ ಕಳೆದುಕೊಂಡವರಿಗೆ ಹೊಟ್ಟೆಪಾಡಿನ ದಾರಿ ಕಲ್ಪಿಸಬೇಕಾಗಿತ್ತು. ಜಾತಿಯ ಹಂಗಿಲ್ಲದೆ ಕಸುಬು ಕಲಿಯಬಹುದೆಂಬುದನ್ನು ಆ ಕಾರ್ಖಾನೆಗಳು ತೋರಿಸಿಕೊಟ್ಟದ್ದು ಸಣ್ಣ ಸಂಗತಿಯಲ್ಲ.

ಮೈಸೂರು ಸಂಸ್ಥಾನದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಿಂದ ಕೈಗಾರಿಕಾ ಶಾಲೆಗಳು ಕಾಣಿಸಿಕೊಂಡವು. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಕಟ್ಟಡಕ್ಕೆ 1906ರಲ್ಲಿ ಅಂದಿನ ವೇಲ್ಸ್ ರಾಜಕುಮಾರ, ಮುಂದೆ ಐದನೆಯ ಜಾರ್ಜ್ ಆದವನು, ಅಸ್ತಿಭಾರ ಹಾಕಿದನು. 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಸ್ಥಾಪನೆಯಾದಾಗ ಅದರ ಕೆಲಸ ಕೃಷಿ, ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯ ಎಂಬ ಸಮಿತಿಗಳಲ್ಲಿ ಹಂಚಿಹೋಯಿತು. 1913ರಲ್ಲಿ ಕೈಗಾರಿಕೆ ಮತ್ತು ವಾಣಿಜ್ಯ ಇಲಾಖೆ ರೂಪುಗೊಂಡು ಆಲ್‌ಫ್ರೆಡ್ ಚಾಟರ್ಟನ್ ಅದರ ನಿರ್ದೇಶಕನಾದನು. ಆಡಳಿತದ ದೃಷ್ಟಿಯಿಂದ ಈ ವಿಂಗಡಣೆ ಸಹಜವಾದುದೇ. ಆದರೆ ಕಸುಬು ಕಲಿಯುವ ಹುಡುಗನು ಶಿಕ್ಷಣಕ್ಕೆ ಸೇರಿದವನೋ ಕೈಗಾರಿಕೆಗೆ ಸೇರಿದವನೋ ಎಂಬ ಪ್ರಶ್ನೆ ಅಂದಿನಿಂದಲೇ ಎರಡು ಇಲಾಖೆಗಳ ನಡುವೆ ಉಳಿದುಕೊಂಡಿತು.

3. ಲಾಲ್‌ಬಾಗ್: ತೋಟವೇ ತರಗತಿಯಾದ ಬಗೆ

ಶಾಲೆ ಮತ್ತು ಕೆಲಸಗಳು ಒಂದೇ ಆವರಣದಲ್ಲಿ ಕೂಡಿಬಂದ ಹಳೆಯ ನಿದರ್ಶನ ಮಾವಳ್ಳಿಯ ಪಕ್ಕದಲ್ಲಿಯೇ ದೊರೆಯುತ್ತದೆ. ಜಾನ್ ಕ್ಯಾಮರಾನ್ 1874ರಿಂದ 1908ರವರೆಗೆ ಲಾಲ್‌ಬಾಗಿನ ಮೇಲ್ವಿಚಾರಕನಾಗಿದ್ದನು. ಅವನ ತರುವಾಯ ಬಂದ ಗುಸ್ಟಾವ್ ಹರ್ಮನ್ ಕೃಂಬಿಗಲ್ ಜರ್ಮನಿಯ ಡ್ರೆಸ್ಡೆನ್ ಬಳಿ 1865ರಲ್ಲಿ ಜನಿಸಿದವನು. ಪಿಲ್‌ನಿಟ್ಜ್ ಎಂಬಲ್ಲಿ ತೋಟಗಾರಿಕೆಯ ತರಬೇತಿ ಪಡೆದು, ಹ್ಯಾಂಬರ್ಗಿನಲ್ಲಿ ದುಡಿದು, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡಾ ಸಂಸ್ಥಾನಕ್ಕೆ ಬಂದನು. ನಾಲ್ವಡಿ ಕೃಷ್ಣರಾಜ ಒಡೆಯರ ಆಹ್ವಾನದಂತೆ 1908ರ ವೇಳೆಗೆ ಮೈಸೂರು ಸೇವೆಗೆ ಸೇರಿ, 1932ರಲ್ಲಿ ನಿವೃತ್ತನಾದನು. ಮಾವಳ್ಳಿಯ ರಸ್ತೆಯೊಂದು ಇಂದಿಗೂ ಅವನ ಹೆಸರನ್ನು ಹೊತ್ತಿದೆ.

ಕೃಂಬಿಗಲ್ ಪದವಿಯ ಬಲದಿಂದ ಮೇಲೇರಿದ ಅಧಿಕಾರಿಯಲ್ಲ ಎಂಬುದು ಇಲ್ಲಿ ಮುಖ್ಯ. ಅವನು ಹರೆಯದಲ್ಲಿಯೇ ತೋಟದ ಕೆಲಸಕ್ಕೆ ಸೇರಿ, ಕೆಲಸದ ಜೊತೆಗೆ ಶಾಸ್ತ್ರವನ್ನು ಕಲಿತ ಪರಂಪರೆಯಿಂದ ಬಂದವನು. ಕ್ಯೂ ಉದ್ಯಾನದಲ್ಲಿಯೂ ಹತ್ತೊಂಬತ್ತನೆಯ ಶತಮಾನದಲ್ಲಿ ಯುವ ತೋಟಗಾರರಿಗೆ ಹಗಲು ತೋಟದ ದುಡಿಮೆ, ಸಂಜೆ ಸಸ್ಯಶಾಸ್ತ್ರದ ಉಪನ್ಯಾಸ ಎಂಬ ಕ್ರಮವಿತ್ತು. ಲಾಲ್‌ಬಾಗಿನಲ್ಲಿ ಅವನ ಹೆಸರಿನಿಂದ ಪ್ರಸಿದ್ಧವಾದ ಕಟ್ಟಡವು ಉಪನ್ಯಾಸ ಭವನವಾಗಿತ್ತೆಂಬುದು ಈ ಪರಂಪರೆಯ ಕುರುಹು. ಶತಮಾನವನ್ನು ದಾಟಿದ್ದ ಆ ಕಟ್ಟಡ 2017ರಲ್ಲಿ ಕುಸಿದುಬಿದ್ದಿತು.

ಕೃಂಬಿಗಲ್ ಅನಂತರ ಎಚ್.ಸಿ. ಜವರಾಯ, ಎಂ.ಎಚ್. ಮರಿಗೌಡ ಮೊದಲಾದವರು ತೋಟಗಾರಿಕೆ ಇಲಾಖೆಯನ್ನು ಬೆಳೆಸಿದರು. ಇಲಾಖೆಯು ರೈತರ ಮಕ್ಕಳಿಗಾಗಿ ನಡೆಸಿಕೊಂಡು ಬಂದಿರುವ ಹತ್ತು ತಿಂಗಳ ತೋಟಗಾರಿಕೆ ತರಬೇತಿಯು ಲಾಲ್‌ಬಾಗಿನ ಕಲಿಕೆಯ ಸ್ವರೂಪವನ್ನು ಚೆನ್ನಾಗಿ ತೋರಿಸುತ್ತದೆ. ತರಬೇತಿಯ ಅವಧಿಯಲ್ಲಿ ಶಿಷ್ಯವೇತನವಿರುತ್ತದೆ. ಬೆಳಗ್ಗೆ ಪಾತಿ ಮಾಡುವುದು, ಸಸಿಮಡಿ ಕಟ್ಟುವುದು, ಕಸಿ ಹಾಕುವುದು, ಗಿಡ ಸವರುವುದು. ಆ ಕೆಲಸದ ಹಿಂದಿರುವ ಮಣ್ಣು, ಕೀಟ, ರೋಗಗಳ ವಿಚಾರ ಪಾಠದ ಕೋಣೆಯಲ್ಲಿ. ಕಸಿ ಏಕೆ ಕೂಡಲಿಲ್ಲ ಎಂಬ ಪ್ರಶ್ನೆ ತೋಟದಲ್ಲಿ ಹುಟ್ಟಿ, ಉತ್ತರ ತರಗತಿಯಲ್ಲಿ ದೊರೆತು, ಮತ್ತೆ ತೋಟದಲ್ಲಿಯೇ ಪರೀಕ್ಷೆಗೆ ಒಳಗಾಗುತ್ತದೆ. ಕೂಡುಕಲಿಕೆಯ ಸತ್ವವಿರುವುದು ಈ ಓಡಾಟದಲ್ಲಿ.

ಆದರೆ ಇಲ್ಲಿಯೂ ಒಂದು ಮಿತಿಯಿದೆ. ಈ ತರಬೇತಿಗೆ ಎಸ್.ಎಸ್.ಎಲ್.ಸಿ. ತೇರ್ಗಡೆಯ ಜೊತೆಗೆ ಹದಿನೆಂಟು ವರ್ಷ ತುಂಬಿರಬೇಕು. ಹದಿನಾರರ ವೇಳೆಗೆ ಪ್ರೌಢಶಾಲೆಯಿಂದ ಹೊರಬಿದ್ದ ಹುಡುಗ ಅಥವಾ ಹುಡುಗಿ ನಡುವಿನ ಎರಡು ವರ್ಷಗಳನ್ನು ಎಲ್ಲಿ ಕಳೆಯಬೇಕು ಎಂಬುದಕ್ಕೆ ಈ ವ್ಯವಸ್ಥೆಯಲ್ಲಿ ಉತ್ತರವಿಲ್ಲ.

4. ಕಸುಬಿನ ಶಾಲೆ ಕಾಲೇಜಾಗುವ ಪ್ರಕ್ರಿಯೆ

ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದ ಅವಧಿ ತಾಂತ್ರಿಕ ಶಿಕ್ಷಣದ ಇತಿಹಾಸದಲ್ಲಿ ನಿರ್ಣಾಯಕವಾದುದು. 1913ರಲ್ಲಿ ಹೆಬ್ಬಾಳದ ಕೃಷಿ ಶಾಲೆಯೂ ಬೆಂಗಳೂರಿನ ಮೆಕ್ಯಾನಿಕಲ್ ಎಂಜಿನಿಯರಿಂಗ್ ಶಾಲೆಯೂ ಆರಂಭವಾದವು. 1917ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂದಿತು. ಹೆಬ್ಬಾಳದ ಶಾಲೆ 1946ರಲ್ಲಿ ಕೃಷಿ ಕಾಲೇಜಾಗಿ, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಅಂಗವಾಯಿತು. ಸಂಸ್ಥೆಗಳ ಚರಿತ್ರೆಯನ್ನು ಬರೆಯುವವರು ಇದನ್ನು ಏಳಿಗೆಯೆಂದು ಬಣ್ಣಿಸುತ್ತಾರೆ. ಏಳಿಗೆ ಹೌದು. ಆದರೆ ಶಾಲೆಯೊಂದು ಕಾಲೇಜಾದಾಗ ಅದರ ಮೊದಲ ವಿದ್ಯಾರ್ಥಿಯಾಗಿದ್ದ ರೈತನ ಮಗನ ಅಥವಾ ಮೇಸ್ತ್ರಿಯ ಮಗನ ಸ್ಥಾನ ತೆರವಾಗುತ್ತದೆ. ತೆರವಾದ ಆ ಸ್ಥಾನವನ್ನು ತುಂಬಲು ಮತ್ತೊಂದು ಸಂಸ್ಥೆ ಹುಟ್ಟಬೇಕಾಗುತ್ತದೆ.

1936-37ರಲ್ಲಿ ಭಾರತಕ್ಕೆ ಬಂದ ಅಬಟ್ ಮತ್ತು ವುಡ್ ಎಂಬ ತಜ್ಞರ ವರದಿಯು ಸಾಮಾನ್ಯ ಶಿಕ್ಷಣಕ್ಕೆ ಸಮಾನಾಂತರವಾಗಿ ವೃತ್ತಿಶಿಕ್ಷಣದ ಶಾಲೆಗಳ ಶ್ರೇಣಿಯೊಂದಿರಬೇಕೆಂದು ಸೂಚಿಸಿತು. ಪಾಲಿಟೆಕ್ನಿಕ್‌ಗಳ ಬೆಳವಣಿಗೆಗೆ ಇದು ಪ್ರೇರಣೆಯಾಯಿತು. ಸಮಾನಾಂತರ ಎಂಬ ಕಲ್ಪನೆಯಲ್ಲಿಯೇ ಗೌರವವೂ ಇತ್ತು, ಅಪಾಯವೂ ಇತ್ತು. ಸಮಾನಾಂತರ ರೇಖೆಗಳು ಒಂದನ್ನೊಂದು ಸಂಧಿಸುವುದಿಲ್ಲ.

ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಶನಲ್ ಇನ್‌ಸ್ಟಿಟ್ಯೂಟ್ 1943ರಲ್ಲಿ ಸ್ಥಾಪನೆಯಾದದ್ದು ಈ ಹಿನ್ನೆಲೆಯಲ್ಲಿ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ವಿಶ್ವೇಶ್ವರಯ್ಯನವರು ಸ್ವಂತಕ್ಕೆ ಬಳಸದೆ, ಹುಡುಗರಿಗೆ ಕಸುಬು ಕಲಿಸುವ ಸಂಸ್ಥೆಗೆ ವಿನಿಯೋಗಿಸಬೇಕೆಂದು ಬಯಸಿದರೆಂಬುದೂ, ಸಂಸ್ಥೆಗೆ ತಮ್ಮ ಹೆಸರಿಡಲು ಒಪ್ಪದೆ ಮಹಾರಾಜರ ಹೆಸರನ್ನು ಸೂಚಿಸಿದರೆಂಬುದೂ ಪ್ರಸಿದ್ಧವಾದ ವಿಚಾರ. ಎಂಜಿನಿಯರಿಂಗ್ ಕಾಲೇಜನ್ನು ಕಟ್ಟಿದವರೇ ಕಾಲು ಶತಮಾನದ ಬಳಿಕ ಕಸುಬಿನ ಸಂಸ್ಥೆಗೆ ಮರಳಿ ಬಂದದ್ದು ಅರ್ಥಪೂರ್ಣವಾಗಿದೆ. ಕಾಲಾಂತರದಲ್ಲಿ ಈ ಸಂಸ್ಥೆಯೂ ಡಿಪ್ಲೊಮಾ ನೀಡುವ ಎಸ್.ಜೆ. ಪಾಲಿಟೆಕ್ನಿಕ್ ಆಗಿ ಬೆಳೆಯಿತು. ಹೆಬ್ಬಾಳದಲ್ಲಿ ನಡೆದದ್ದೇ ಇಲ್ಲಿಯೂ ಬೇರೊಂದು ಎತ್ತರದಲ್ಲಿ ನಡೆಯಿತು.

5. ಕಾರ್ಖಾನೆಯೊಳಗಿನ ಶಾಲೆ

ಸ್ವಾತಂತ್ರ್ಯಾನಂತರ 1950ರಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ ಆರಂಭವಾಗಿ, ಕೈಗಾರಿಕಾ ತರಬೇತಿ ಸಂಸ್ಥೆಗಳು, ಅಂದರೆ ಐ.ಟಿ.ಐ.ಗಳು, ರೂಪುಗೊಂಡವು. 1956ರಲ್ಲಿ ಇವುಗಳ ದೈನಂದಿನ ಆಡಳಿತ ರಾಜ್ಯಗಳಿಗೆ ಬಂದಿತು. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್ ಮೊದಲಾದ ವೃತ್ತಿಗಳು ಹಳ್ಳಿ ಮತ್ತು ಪೇಟೆಯ ಹುಡುಗರಿಗೆ ತೆರೆದುಕೊಂಡವು. ಯಾವ ಕುಲದವನಾದರೂ ಲೇತಿನ ಮುಂದೆ ನಿಲ್ಲಬಹುದೆಂಬ ಸ್ಥಿತಿ ಸರ್ಕಾರಿ ವ್ಯವಸ್ಥೆಯ ಮೂಲಕ ವ್ಯಾಪಕವಾಗಿ ಬಂದದ್ದು ಆಗಲೇ. ಐ.ಟಿ.ಐ. ಒಳಗೆ ಕಾರ್ಯಾಗಾರವಿತ್ತು, ಆದರೆ ಅದು ಅಭ್ಯಾಸದ ಕಾರ್ಯಾಗಾರ. ಅಲ್ಲಿ ಅರದಿಂದ ಉಜ್ಜಿ ಸಿದ್ಧಪಡಿಸಿದ ಕಬ್ಬಿಣದ ತುಂಡು ಯಾವ ಯಂತ್ರಕ್ಕೂ ಹೋಗಿ ಸೇರುತ್ತಿರಲಿಲ್ಲ.

ಈ ಕೊರತೆಯನ್ನು ನೀಗಿಸಲು ಬಂದದ್ದು 1961ರ ಶಿಶಿಕ್ಷು ಕಾಯಿದೆ, ಜನರ ಮಾತಿನ ಅಪ್ರೆಂಟಿಸ್ ಕಾಯಿದೆ. ಹದಿನಾಲ್ಕು ವರ್ಷ ತುಂಬಿದವರು ಶಿಶಿಕ್ಷುಗಳಾಗಬಹುದು. ಕಾರ್ಖಾನೆಯ ನೆಲದ ಮೇಲಿನ ಅಭ್ಯಾಸದ ಜೊತೆಗೆ ಸಂಬಂಧಿತ ಬೋಧನೆಯೂ ನಡೆಯಬೇಕು. ಕೊನೆಯಲ್ಲಿ ಅಖಿಲ ಭಾರತ ಮಟ್ಟದ ಪರೀಕ್ಷೆ ಮತ್ತು ಪ್ರಮಾಣಪತ್ರ. ಅದೇ ದಶಕದಲ್ಲಿ ಪಶ್ಚಿಮ ಜರ್ಮನಿಯಲ್ಲಿಯೂ ಇಂಥ ಚರ್ಚೆ ನಡೆದಿತ್ತು. ವಾರದ ಕೆಲವು ದಿನ ಕಾರ್ಖಾನೆ, ಕೆಲವು ದಿನ ವೃತ್ತಿಶಾಲೆ ಎಂಬ ಅಲ್ಲಿನ ರೂಢಿಗೆ 1964ರಲ್ಲಿ ದ್ವಿಮುಖ ವ್ಯವಸ್ಥೆ ಎಂಬ ಹೆಸರು ಬಂದು, 1969ರ ಕಾನೂನಿನಿಂದ ಅದಕ್ಕೆ ಭದ್ರ ಬುನಾದಿ ದೊರೆಯಿತು. ಕಾಲದ ದೃಷ್ಟಿಯಿಂದ ಭಾರತ ಹಿಂದೆ ಬಿದ್ದಿರಲಿಲ್ಲ.

ಬೆಂಗಳೂರಿನಲ್ಲಿ ಈ ಕಾಯಿದೆಗೆ ಫಲವತ್ತಾದ ನೆಲವಿತ್ತು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, 1948ರಲ್ಲಿ ದೂರವಾಣಿ ಕಾರ್ಖಾನೆ, 1951ರಲ್ಲಿ ಮೈಕೋ, 1953ರಲ್ಲಿ ಎಚ್.ಎಂ.ಟಿ., 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಹೀಗೆ ಒಂದರ ಹಿಂದೆ ಒಂದರಂತೆ ಸಂಸ್ಥೆಗಳು ತಲೆಯೆತ್ತಿದ್ದವು. ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ 1960ರ ದಶಕದ ಆರಂಭದಲ್ಲಿಯೇ ಶಿಶಿಕ್ಷುಗಳ ತರಬೇತಿ ಕೇಂದ್ರ ನೆಲೆಗೊಂಡಿತು. ಅಲ್ಲಿನ ತರಬೇತಿ ಪಡೆದವರು ಅಖಿಲ ಭಾರತ ಸ್ಪರ್ಧೆಗಳಲ್ಲಿ ಮೇಲಿಂದ ಮೇಲೆ ಪದಕ ಗಳಿಸಿದರು. ಜರ್ಮನಿಯ ನೆರವಿನಿಂದ 1971ರಲ್ಲಿ ಫೋರ್‌ಮನ್ ತರಬೇತಿ ಸಂಸ್ಥೆಯೂ, ಡೆನ್ಮಾರ್ಕಿನ ಸಹಕಾರದಿಂದ 1972ರಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವೂ ಬೆಂಗಳೂರಿನಲ್ಲಿ ಸ್ಥಾಪನೆಯಾದವು. ಉಪಕರಣಾಗಾರದ ವಿಶೇಷವೆಂದರೆ ಅದು ಕಲಿಸುವ ಜಾಗವೂ ಹೌದು, ಗಿರಾಕಿಗಳಿಗೆ ಅಚ್ಚು ಮತ್ತು ಉಪಕರಣಗಳನ್ನು ತಯಾರಿಸಿಕೊಡುವ ಜಾಗವೂ ಹೌದು. ಇಲ್ಲಿನ ಡಿಪ್ಲೊಮಾದಲ್ಲಿ ಮೂರು ವರ್ಷಗಳ ಸಂಸ್ಥೆಯ ಕಲಿಕೆಗೆ ಒಂದು ವರ್ಷದ ಕಾರ್ಖಾನೆಯ ತರಬೇತಿ ಕಡ್ಡಾಯವಾಗಿ ಸೇರಿದೆ. ಎಸ್.ಎಸ್.ಎಲ್.ಸಿ. ಮುಗಿಸಿದ ವಿದ್ಯಾರ್ಥಿ ಮಾಡುವ ತಪ್ಪಿಗೆ ಇಲ್ಲಿ ಅಂಕ ಮಾತ್ರ ಹೋಗುವುದಿಲ್ಲ, ಉಕ್ಕೂ ವ್ಯರ್ಥವಾಗುತ್ತದೆ. ಲಾಲ್‌ಬಾಗಿನ ಕಸಿಯ ಪಾಠದ ತತ್ವವೇ ಇಲ್ಲಿ ಲೋಹದಲ್ಲಿ ಮರುಕಳಿಸಿದೆ.

ಹಾಗಿದ್ದೂ 1961ರ ಕಾಯಿದೆಯಲ್ಲಿ ಎರಡು ವಿಧಿಗಳು ಗಮನಿಸಬೇಕಾದವು. ಹದಿನೆಂಟನೆಯ ಪ್ರಕರಣದ ಪ್ರಕಾರ ಶಿಶಿಕ್ಷುವು ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ. ಇಪ್ಪತ್ತೆರಡನೆಯ ಪ್ರಕರಣದ ಪ್ರಕಾರ ಅವಧಿ ಮುಗಿದ ಮೇಲೆ, ಒಪ್ಪಂದದಲ್ಲಿ ಹಾಗೆಂದು ಹೇಳಿರದಿದ್ದರೆ, ಅವನಿಗೆ ಕೆಲಸ ಕೊಡಬೇಕಾದ ಹೊಣೆ ಮಾಲೀಕನಿಗಿರಲಿಲ್ಲ. ಅವನು ಕಾರ್ಮಿಕನಲ್ಲದಿದ್ದರೆ ವಿದ್ಯಾರ್ಥಿಯಾಗಿರಬೇಕಿತ್ತು. ಶಿಕ್ಷಣ ಇಲಾಖೆಯ ಕಣ್ಣಿಗೆ ಅವನು ಅದೂ ಆಗಿರಲಿಲ್ಲ. ಅವನ ಪ್ರಮಾಣಪತ್ರ ಕಾರ್ಖಾನೆಯ ಬಾಗಿಲಲ್ಲಿ ಬೆಲೆಯುಳ್ಳದ್ದು. ಕಾಲೇಜಿನ ಬಾಗಿಲಲ್ಲಿ ಬಹುಕಾಲ ಅದಕ್ಕೆ ಬೆಲೆಯಿರಲಿಲ್ಲ.

6. ಪದವಿಪೂರ್ವ ಹಂತದ ಪ್ರಯೋಗ

ಕೊಠಾರಿ ಆಯೋಗವು 1964-66ರಲ್ಲಿ ಪ್ರೌಢಶಿಕ್ಷಣವನ್ನು ವೃತ್ತಿಪರಗೊಳಿಸಬೇಕೆಂದು ಒತ್ತಿ ಹೇಳಿತು. ಕರ್ನಾಟಕವು 1977-78ರಲ್ಲಿ ಪದವಿಪೂರ್ವ ಹಂತದಲ್ಲಿ ವೃತ್ತಿಶಿಕ್ಷಣವನ್ನು ಆರಂಭಿಸಿ, ಈ ಕೆಲಸಕ್ಕೆ ಮೊದಲು ಇಳಿದ ರಾಜ್ಯಗಳ ಸಾಲಿಗೆ ಸೇರಿತು. ಜೆ.ಓ.ಸಿ. ಎಂದೇ ಹೆಸರಾದ ಈ ಶಿಕ್ಷಣಕ್ರಮದಲ್ಲಿ ರೇಷ್ಮೆ ಕೃಷಿ, ಲೆಕ್ಕಪತ್ರ, ವಿದ್ಯುತ್ ಉಪಕರಣಗಳ ದುರಸ್ತಿ ಮೊದಲಾದ ವಿಷಯಗಳಿದ್ದವು. ಕಸುಬು ಮೊದಲ ಬಾರಿಗೆ ಕಾಲೇಜಿನ ಆವರಣದೊಳಗೆ, ಕಲೆ ಮತ್ತು ವಿಜ್ಞಾನಗಳ ಮಗ್ಗುಲಲ್ಲಿ ಕುಳಿತುಕೊಂಡಿತು. ಇದು ಈ ಪ್ರಯೋಗದ ದೊಡ್ಡ ಸಾಧನೆ.

ಆದರೆ ಕೆಲಸದ ಜಾಗದೊಡನೆ ಅದರ ಸಂಬಂಧ ತೆಳುವಾಗಿತ್ತು. ರೇಷ್ಮೆಯ ಪಾಠ ಹೇಳಲು ಕೋಣೆ ಸಾಕು. ಹುಳು ಸಾಕಲು ಹಿಪ್ಪುನೇರಳೆಯ ತೋಟ ಬೇಕು, ಹುಳುಮನೆ ಬೇಕು, ಹುಳುವಿನ ಜ್ವರಕ್ಕೆ ತಕ್ಕಂತೆ ಹಗಲಿರುಳು ಎಚ್ಚರವಾಗಿರುವ ರೈತನ ಒಡನಾಟ ಬೇಕು. ಕಾಲೇಜಿನ ವೇಳಾಪಟ್ಟಿಗೆ ಈ ಒಡನಾಟ ಹೊಂದಿಕೊಳ್ಳಲಿಲ್ಲ. ಬೋಧಕರಲ್ಲಿ ಬಹಳಷ್ಟು ಮಂದಿ ಅರೆಕಾಲಿಕರಾಗಿದ್ದರು. ತೇರ್ಗಡೆಯಾದವರಿಗೆ ನೌಕರಿಗೂ ಮುಂದಿನ ಓದಿಗೂ ಪಿ.ಯು.ಸಿ.ಗೆ ತತ್ಸಮಾನ ಎಂಬ ಮಾತನ್ನು ಮತ್ತೆ ಮತ್ತೆ ಸಾಬೀತುಪಡಿಸಬೇಕಾಯಿತು. ಈಗಾಗಲೇ ತೇರ್ಗಡೆಯಾದವನು ತಾನು ಕಲಿತವನೆಂದು ಪುನಃ ತೋರಿಸಬೇಕಾದ ಪರಿಸ್ಥಿತಿಯೇ ಈ ಶಿಕ್ಷಣದ ಸ್ಥಾನಮಾನವನ್ನು ಹೇಳುತ್ತದೆ. 2010ರ ಆಸುಪಾಸಿನಲ್ಲಿ ಈ ಪ್ರಯೋಗಕ್ಕೆ ತೆರೆಬಿದ್ದಿತು. ಅದರ ಸೋಲನ್ನು ವೃತ್ತಿಶಿಕ್ಷಣದ ಸೋಲೆಂದು ತಿಳಿಯುವುದು ಸರಿಯಲ್ಲ. ಕೆಲಸವನ್ನು ಹೊರಗಿಟ್ಟು ಕೆಲಸವನ್ನು ಕಲಿಸಹೊರಟ ಕ್ರಮದ ಸೋಲು ಅದು.

7. ತರಗತಿಯಿಲ್ಲದ ಕಲಿಕೆ

ಇದರ ತಿರುಗುಮುರುಗಾದ ಚಿತ್ರ ಜೆ.ಸಿ. ರಸ್ತೆಯ ಹಾಗೂ ಅದರ ಅಡ್ಡರಸ್ತೆಗಳ ಗ್ಯಾರೇಜುಗಳಲ್ಲಿ ಕಾಣುತ್ತದೆ. ಇಲ್ಲಿ ಮೆಕ್ಯಾನಿಕ್ ಆಗುವ ಹುಡುಗ ಮೊದಲು ಸಾಮಾನು ಎತ್ತಿಕೊಡುತ್ತಾನೆ, ಬಿಡಿಭಾಗಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಾನೆ, ನಟ್ಟನ್ನು ನೋಡಿದೊಡನೆ ಯಾವ ಸ್ಪ್ಯಾನರ್ ಬೇಕೆಂದು ಹೇಳುವಷ್ಟು ಪಳಗುತ್ತಾನೆ. ಎಂಜಿನ್ನಿನ ಸದ್ದಿನಿಂದ ದೋಷವನ್ನು ಗುರುತಿಸುವ ವಿದ್ಯೆ ಮೇಸ್ತ್ರಿಯ ಪಕ್ಕದಲ್ಲಿ ನಿಂತಲ್ಲದೆ ಬರುವುದಿಲ್ಲ. ಕಲಿಕೆಯ ಗುಣದಲ್ಲಿ ಇದು ಕಡಿಮೆಯದಲ್ಲ. ಆದರೆ ಇದಕ್ಕೆ ಪಠ್ಯವಿಲ್ಲ, ಅವಧಿಯಿಲ್ಲ, ಪ್ರಮಾಣಪತ್ರವಿಲ್ಲ. ವಾಹನದೊಳಗೆ ಎಲೆಕ್ಟ್ರಾನಿಕ್ ಉಪಕರಣಗಳು ಸೇರಿದ ಮೇಲೆ ಕಿವಿಯ ವಿದ್ಯೆಯೊಂದರಿಂದಲೇ ನಡೆಯುವಂತಿಲ್ಲ; ಹೊಸ ವಿದ್ಯೆಗೆ ಹೋಗಲು ಅವನ ಕೈಯಲ್ಲಿ ಹಳೆಯ ವಿದ್ಯೆಯ ದಾಖಲೆಯಿಲ್ಲ.

ದುಡಿಯುತ್ತ ಓದಿದವರು ಕನ್ನಡಿಗರಲ್ಲಿ ಇರಲಿಲ್ಲವೆಂದಲ್ಲ. ಕರಾವಳಿಯಿಂದ ಮುಂಬಯಿಗೆ ಹೋಗಿ ಹೋಟೆಲುಗಳಲ್ಲಿ ದುಡಿದ ಹುಡುಗರು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದದ್ದು ಸುಪರಿಚಿತ ಚರಿತ್ರೆ. ಅಲ್ಲಿ ಹಗಲಿನ ದುಡಿಮೆಗೂ ಇರುಳಿನ ಪಾಠಕ್ಕೂ ಸಂಬಂಧವಿರಲಿಲ್ಲ. ರಾತ್ರಿ ಶಾಲೆ ಅವರನ್ನು ಹೋಟೆಲಿನಿಂದ ಪಾರುಮಾಡುವ ದೋಣಿಯಾಗಿತ್ತು. ಹೋಟೆಲಿನಲ್ಲಿ ಕಲಿತ ಅಡುಗೆ, ಲೆಕ್ಕ, ವ್ಯವಹಾರಗಳಿಗೆ ಅಲ್ಲಿ ಅಂಕವಿರಲಿಲ್ಲ.

ಕಾನೂನು ಈ ಸಣ್ಣ ಕೆಲಸದ ಜಾಗಗಳನ್ನು ತಲುಪುವುದು ಕಷ್ಟವಾಗಿದೆ. 2019ರಲ್ಲಿ ತಿದ್ದುಪಡಿಯಾದ ಶಿಶಿಕ್ಷು ನಿಯಮಗಳಂತೆ ಮೂವತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಶಿಶಿಕ್ಷುಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ನಾಲ್ಕರಿಂದ ಇಪ್ಪತ್ತೊಂಬತ್ತು ಮಂದಿಯಿದ್ದರೆ ಐಚ್ಛಿಕ. ಒಬ್ಬ ಮೇಸ್ತ್ರಿ, ಇಬ್ಬರು ಕೆಲಸಗಾರರಿರುವ ಗ್ಯಾರೇಜು ಈ ಲೆಕ್ಕಕ್ಕೇ ಬರುವುದಿಲ್ಲ. ಇತ್ತ 2016ರ ತಿದ್ದುಪಡಿಯ ಬಳಿಕ ಬಾಲಕಾರ್ಮಿಕ ಕಾನೂನು ಹದಿನಾಲ್ಕರಿಂದ ಹದಿನೆಂಟು ವರ್ಷದವರನ್ನು ಅಪಾಯಕಾರಿ ಕೆಲಸಗಳಿಂದ ದೂರವಿಟ್ಟಿದೆ. ಈ ರಕ್ಷಣೆ ಅತ್ಯಗತ್ಯವಾದುದು. ಆದರೆ ಒಂದು ಕಾನೂನು ಹರೆಯದವನನ್ನು ಕೆಲಸದಿಂದ ಕಾಪಾಡುವಾಗ, ಇನ್ನೊಂದು ಕಾನೂನು ಅವನಿಗೆ ಕಲಿಕೆಯ ದಾರಿಯನ್ನು ತೆರೆಯದಿದ್ದರೆ, ಅವನು ಯಾರ ದಾಖಲೆಗೂ ಸೇರದವನಾಗಿ ಉಳಿಯುತ್ತಾನೆ.

8. ಉಪಸಂಹಾರ

ಕಳೆದ ದಶಕದಲ್ಲಿ ಬಿರುಕನ್ನು ಮುಚ್ಚುವ ಕೆಲವು ಪ್ರಯತ್ನಗಳು ನಡೆದಿವೆ. ಐ.ಟಿ.ಐ. ಮತ್ತು ಕಾರ್ಖಾನೆಗಳನ್ನು ಕೂಡಿಸುವ ದ್ವಿಮುಖ ತರಬೇತಿ ಪದ್ಧತಿ 2016ರಲ್ಲಿ ಬಂದಿತು. ಅದೇ ವರ್ಷ ರಾಷ್ಟ್ರೀ­ಯ ಮುಕ್ತ ಶಾಲಾ ಸಂಸ್ಥೆಯೊಡನೆ ಆದ ಒಪ್ಪಂದದಿಂದ ಐ.ಟಿ.ಐ. ಮುಗಿಸಿದವರು ಭಾಷೆಯ ಹಾಗೂ ಇತರ ಪರೀಕ್ಷೆಗಳನ್ನು ಬರೆದು ಶಾಲಾ ಶಿಕ್ಷಣದ ತತ್ಸಮಾನ ಮಾನ್ಯತೆ ಪಡೆಯುವ ಅವಕಾಶವಾಯಿತು. ಎರಡು ವರ್ಷಗಳ ಐ.ಟಿ.ಐ. ಮುಗಿಸಿದವರಿಗೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಪ್ರವೇಶದ ದಾರಿಯೂ ಇದೆ. 2022ರಲ್ಲಿ ಕರ್ನಾಟಕದ 150 ಸರ್ಕಾರಿ ಐ.ಟಿ.ಐ.ಗಳು ಹೊಸ ಯಂತ್ರಗಳೊಡನೆ ಮೇಲ್ದರ್ಜೆಗೇರಿದವು. ಅನುಭವದಿಂದ ಕಲಿತದ್ದನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ಕ್ರಮವೂ 2015ರ ಕೇಂದ್ರ ಯೋಜನೆಯ ಮೂಲಕ ಚಾಲ್ತಿಗೆ ಬಂದಿತು.

ಇವುಗಳಲ್ಲಿ ಯಂತ್ರಗಳಿಗಿಂತ ದೊಡ್ಡದು ದಾರಿಗಳ ಪ್ರಶ್ನೆ ಎಂಬುದನ್ನು ಮೇಲಿನ ಚರಿತ್ರೆ ಸೂಚಿಸುತ್ತದೆ. ಲಾಲ್‌ಬಾಗ್, ಮೈಕೋ, ಉಪಕರಣಾಗಾರಗಳಲ್ಲಿ ಕಲಿಕೆ ಫಲಿಸಿದ್ದು ಅಲ್ಲಿ ಕೆಲಸ ನಿಜವಾದುದಾಗಿದ್ದು, ಪಾಠ ಆ ಕೆಲಸದಿಂದಲೇ ಹುಟ್ಟಿದ್ದರಿಂದ. ಜೆ.ಓ.ಸಿ. ಬಾಡಿದ್ದು ಕೆಲಸದ ಬೇರು ತಪ್ಪಿದ್ದರಿಂದ. ಗ್ಯಾರೇಜಿನ ಹುಡುಗ ಅಲ್ಲಿಯೇ ಉಳಿದದ್ದು ಅವನು ಕಲಿಯಲಿಲ್ಲವೆಂದಲ್ಲ, ಅವನು ಕಲಿತದ್ದನ್ನು ಓದಬಲ್ಲವರು ಇರಲಿಲ್ಲವೆಂದು. ಕಸುಬಿನ ಶಾಲೆ ಮೇಲೇರಿ ಕಾಲೇಜಾಗುವುದನ್ನು ನಾವು ಶತಮಾನದುದ್ದಕ್ಕೂ ಪ್ರಗತಿಯೆಂದು ಎಣಿಸಿದ್ದೇವೆ. ಶಾಲೆ ಇದ್ದಲ್ಲಿಯೇ ಇದ್ದು, ಅಲ್ಲಿ ಕಲಿತವನು ತಾನು ಕಲಿತದ್ದರ ಬಲದಿಂದಲೇ ಮೇಲೇರುವಂತಾದರೆ ಅದನ್ನೂ ಪ್ರಗತಿಯೆಂದು ಎಣಿಸಬೇಕಾಗುತ್ತದೆ. ಮಾವಳ್ಳಿಯ ಪರಿಸರದಲ್ಲಿ ತೋಟ, ಗ್ಯಾರೇಜು, ಶಾಲೆಗಳ ನಡುವಿನ ದೂರ ಕೆಲವೇ ನಿಮಿಷಗಳ ನಡಿಗೆಯದು. ಆ ದೂರವನ್ನು ಕ್ರಮಿಸಲು ಹದಿನಾರರ ಹರೆಯದವರಿಗೆ ಕಾನೂನು ಮತ್ತು ಪ್ರಮಾಣಪತ್ರಗಳ ಲೋಕದಲ್ಲಿ ಎಷ್ಟು ಕಾಲ ಹಿಡಿಯುತ್ತದೆ ಎಂಬುದೇ ನಮ್ಮ ವೃತ್ತಿಶಿಕ್ಷಣವನ್ನು ಅಳೆಯುವ ಸರಿಯಾದ ಮಾನದಂಡ.